ಎಣಿಕೆಗೆ ಬಾರದ ಮೊಟ್ಟೆ

ಫೆಬ್ರವರಿ 10

ಮೂವತ್ತೆಂಟರಲ್ಲಿ ಒಂದು. ಹನ್ನೆರಡನೇ ವಾರದ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಇರುವುದು ಇಷ್ಟೆ. ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಸಾಮಾನ್ಯಕ್ಕಿಂತ ಹೆಚ್ಚು ಎಂದು ಜಯನಗರದ ಡಾಕ್ಟರ್ ಆ ಸಂಖ್ಯೆಗೆ ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದರು.

ಇವರು ಕಾಲೇಜಿನಲ್ಲಿ ಗಣಿತ ಹೇಳುವವರು. ಆಟೋದಲ್ಲಿ ದಾರಿಯುದ್ದಕ್ಕೂ ಸಮಾಧಾನ ಮಾಡಿದರು. "ಮೂವತ್ತೆಂಟು ಜನದಲ್ಲಿ ಮೂವತ್ತೇಳು ಜನಕ್ಕೆ ಏನೂ ಇರಲ್ಲ ಮೈತ್ರೇಯಿ. ಆ ಕಡೆಯಿಂದ ನೋಡು." ನೋಡಿದೆ. ಉಳಿದ ಒಬ್ಬಳೇ ಕಣ್ಣಿಗೆ ಬಿದ್ದಳು.

ನಲವತ್ತೊಂದನೇ ವಯಸ್ಸಿನಲ್ಲಿ, ಹದಿನಾಲ್ಕು ವರ್ಷದ ಮಗಳಿರುವಾಗ ಬಸುರಿ ಎಂದು ತಿಳಿದ ದಿನವೇ ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಅದರ ಮೇಲೆ ಈಗ ಇದು. ಹದಿನಾರನೇ ವಾರದಲ್ಲಿ ಗರ್ಭದ ನೀರು ತೆಗೆದು ಇನ್ನೊಂದು ಪರೀಕ್ಷೆ ಮಾಡುತ್ತಾರಂತೆ. ಅದರಲ್ಲಿ ಖಚಿತವಾದರೆ ತೆಗೆಸಿಬಿಡುವುದು ಎಂದು ನಾನೂ ಇವರೂ ಊಟಕ್ಕೆ ಕೂರುವ ಮುಂಚೆಯೇ ತೀರ್ಮಾನಿಸಿದೆವು. ಚರ್ಚೆಯೇನೂ ಆಗಲಿಲ್ಲ. ಅತ್ತೆಗೆ ವಿಷಯ ಗೊತ್ತು. ಇಂಚರಳಿಗೆ ಬಸಿರಿನ ವಿಚಾರವನ್ನೇ ಇನ್ನೂ ಹೇಳಿಲ್ಲ. ಹೇಳುವ ಅಗತ್ಯ ಬಾರದೆಯೂ ಇರಬಹುದು.

ಮುಗಿಯಿತು. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಫೆಬ್ರವರಿ 14

ದೀಪಕ್ ಫೋನ್ ಮಾಡಿದ್ದ. ಜೆ.ಪಿ. ನಗರದ ಡಬ್ಬಿಂಗ್ ಸ್ಟುಡಿಯೋ ಅವನದು. ಹೊರದೇಶದ ಮಕ್ಕಳ ಸಿನಿಮಾಗಳಿಗೆ ಕನ್ನಡದ ಮಾತು ಬರೆದುಕೊಡುವ ಕೆಲಸ ಆರು ವರ್ಷದಿಂದ ನನ್ನದು.

"ಮೇಡಂ, ಸಖತ್ತಾಗಿದೆ ಸಿನಿಮಾ. ಬರೀ ಹಕ್ಕಿಗಳು. ಬೇಸಿಗೆ ರಜಕ್ಕೆ ರಿಲೀಸು. ಮಾರ್ಚ್ ಮುಗಿಯೋದ್ರೊಳಗೆ ಕೊಡ್ತೀರಾ?"

ಕೊಡುತ್ತೇನೆ ಎಂದೆ. ತಲೆಗೆ ಬೇರೆ ಕೆಲಸ ಬೇಕಾಗಿತ್ತು.

ಮಧ್ಯಾಹ್ನ ಪೂರ್ತಿ ನೋಡಿದೆ. ಉತ್ತರದ ಒಂದು ಸರೋವರ. ಅದು ಹೆಪ್ಪುಗಟ್ಟುವ ಮುಂಚೆ ಕೊಕ್ಕರೆಗಳ ಹಿಂಡು ದಕ್ಷಿಣಕ್ಕೆ ಹಾರಬೇಕು. ಹೊರಡುವ ಮೊದಲು ಅಜ್ಜ ಕೊಕ್ಕರೆ ಎಲ್ಲರ ತಲೆ ಎಣಿಸುತ್ತಾನೆ. ಎಣಿಕೆಗೆ ಬಂದವರನ್ನು ಬಿಟ್ಟುಹೋಗುವಂತಿಲ್ಲ, ಅದು ಹಿಂಡಿನ ಕಟ್ಟಳೆ. ನೂರಹನ್ನೆರಡು ಎನ್ನುತ್ತಾನೆ ಅಜ್ಜ. ಆಗ ಒಂದು ಪುಟ್ಟ ಕೊಕ್ಕರೆ "ನೂರಹದಿಮೂರು!" ಎಂದು ಕೂಗುತ್ತದೆ. ಅದರ ತಾಯಿಯ ಗೂಡಿನಲ್ಲಿ ತಡವಾಗಿ ಇಟ್ಟ ಮೊಟ್ಟೆಯೊಂದು ಇನ್ನೂ ಒಡೆದಿಲ್ಲ. ಆ ಪುಟ್ಟ ಕೊಕ್ಕರೆಗೆ ಕನ್ನಡದಲ್ಲಿ ಕಿನ್ನಿ ಎಂದು ಹೆಸರಿಟ್ಟೆ.

ಚಿತ್ರಗಳು ಚೆನ್ನಾಗಿವೆ. ನೀರಿನ ಬಣ್ಣವಂತೂ ಬಹಳ ಚೆನ್ನಾಗಿದೆ.

ಫೆಬ್ರವರಿ 19

ನಲವತ್ತನೇ ನಿಮಿಷದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊಟ್ಟೆ ಎಣಿಕೆಗೆ ಬರುವುದಿಲ್ಲ ಎನ್ನುತ್ತಾನೆ ಅಜ್ಜ. ಚಿಪ್ಪು ಬೂದಿ ಬಣ್ಣಕ್ಕೆ ತಿರುಗಿದೆ, ಮರಿ ಹೊರಬಂದರೂ ಅದರ ರೆಕ್ಕೆ ನೆಟ್ಟಗಿರುವುದಿಲ್ಲ, ಅದಕ್ಕಾಗಿ ಇಡೀ ಹಿಂಡು ಕಾಯಲಾಗದು. ಇದಕ್ಕೆ ಕಿನ್ನಿ ಕೊಡುವ ಉತ್ತರ ಬಹಳ ಚಿಕ್ಕದು. ಕೊಕ್ಕು ಏಳೇ ಸಲ ತೆರೆಯುತ್ತದೆ, ಕನ್ನಡದಲ್ಲೂ ಏಳೇ ಅಕ್ಷರ ಬೇಕು. ಅರ್ಥ ಇಷ್ಟು: ಅದು ಆಗಲೇ ನಮ್ಮ ಜೊತೆ ಇದೆ, ನಮಗೆ ಕಾಣುತ್ತಿಲ್ಲ ಅಷ್ಟೆ.

ಸಿಟ್ಟು ಬಂದುಬಿಟ್ಟಿತು. ಮಕ್ಕಳ ಸಿನಿಮಾದೊಳಗೆ ಇದನ್ನು ಯಾರು ತಂದಿಟ್ಟರು? ಗರ್ಭ ತೆಗೆಸಬಾರದು ಎಂದು ಯಾರೋ ದೂರದೇಶದವರು ಹಕ್ಕಿಯ ಬಾಯಿಂದ ನನಗೆ ಉಪದೇಶ ಮಾಡಿಸುತ್ತಿದ್ದಾರೆ. ಹೆತ್ತು ಸಾಕಬೇಕಾದವಳು ನಾನು. ಅವರಿಗೇನು, ಬಣ್ಣ ಹಚ್ಚಿ ಹಾರಿಸಿಬಿಡುತ್ತಾರೆ.

"ಪಾಪ, ಬಿಡಬೇಡಜ್ಜ" ಎಂದು ಬರೆದು ಮುಂದೆ ಹೋದೆ. ಏಳು ಅಕ್ಷರ ಸರಿಹೋಗುತ್ತದೆ. ಉಪದೇಶವೂ ಇಲ್ಲ.

ಫೆಬ್ರವರಿ 22

ಸ್ಟುಡಿಯೋಗೆ ಹೋಗಿ ದೀಪಕ್‌ಗೆ ಆ ದೃಶ್ಯ ತೋರಿಸಿದೆ. ಅದರಲ್ಲಿ ಏನು ಕಾಣಿಸುತ್ತದೆ ಎಂದು ಕೇಳಿದೆ.

"ಏನ್ ಮೇಡಂ? ಕೊಕ್ಕರೆ."

"ಮೊಟ್ಟೆನ ಎಣಿಸ್ಬೇಕು ಅಂತಿದೆಯಲ್ಲ, ಅದು?"

"ಹೌದು, ಮೊಟ್ಟೆ." ನನ್ನ ಮುಖ ನೋಡಿ ಸ್ವಲ್ಪ ಗಾಬರಿಯಾದ. "ಯಾಕ್ ಮೇಡಂ, ಏನಾದ್ರೂ ಕಾಂಟ್ರವರ್ಸಿ ಆಗತ್ತಾ? ವೆಜಿಟೇರಿಯನ್ ವಿಷ್ಯನಾ?"

ಬಹಳ ದಿನಗಳ ಮೇಲೆ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಅನ್ನಿಸಿತು: ಹಾಗಾದರೆ ಆ ಮಾತು ಸಿನಿಮಾದಲ್ಲಿ ಇದೆಯೋ, ನಾನೇ ತೆಗೆದುಕೊಂಡು ಹೋಗಿ ಹಾಕುತ್ತಿದ್ದೇನೋ?

ಮಾರ್ಚ್ 2

ವಿಲ್ಸನ್ ಗಾರ್ಡನ್‌ಗೆ ಹೋಗಿದ್ದೆ, ಅಕ್ಕನ ಮನೆಗೆ. ಎಲ್ಲ ಹೇಳಿದೆ. ಅಂಜನಕ್ಕ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ತಲೆಯೆತ್ತದೆ ಹೇಳಿದಳು:

"ನಾನೂ ಒಂದ್ಸಲ ತೆಗೆಸಿದೀನಿ ಕಣೆ. ರಾಹುಲ್ ಹುಟ್ಟಿದ ಮಾರನೇ ವರ್ಷ. ನಿಂಗೆ ಯಾವತ್ತೂ ಹೇಳಿರ್ಲಿಲ್ಲ. ಆಗ ನನ್ ಕೈಲಿ ಆಗ್ತಿರ್ಲಿಲ್ಲ. ಅದು ತಪ್ಪು ಅಂತ ಇವತ್ತಿಗೂ ಅನ್ಸಿಲ್ಲ."

"ಅಂದ್ರೆ ತೆಗೆಸು ಅಂತೀಯಾ?"

"ನಾನು ಏನೂ ಅನ್ನಲ್ಲ. ಆದ್ರೆ ನಾನು ಮಾಡ್ಸಕ್ಕೆ ಹೋದಾಗ ನಂಗೆ ಗೊತ್ತಿತ್ತು. ನೀನು ಗೊತ್ತಿರೋಳ ಥರ ಮಾತಾಡ್ತಿಲ್ಲ. ಅರ್ಧ ಗಂಟೆಯಿಂದ ಬರೀ ಆ ಕೊಕ್ಕರೆ ಸಿನಿಮಾ ಬೈತಿದೀಯ."

ಸಿನಿಮಾ ಬೈಯುವುದು ನನ್ನ ಕೆಲಸದ ಭಾಗ ಎಂದೆ. ಸೊಪ್ಪಿನ ಹುಳಿ ಕಟ್ಟಿಕೊಟ್ಟಳು.

ಮಾರ್ಚ್ 11

ಪರೀಕ್ಷೆ ಆಯಿತು. ಹೊಟ್ಟೆಗೆ ಉದ್ದನೆಯ ಸೂಜಿ. ಹೇಳಿದಷ್ಟು ನೋವಿರಲಿಲ್ಲ. ಫಲಿತಾಂಶಕ್ಕೆ ಎರಡು ವಾರ.

ಪರದೆ ನೋಡುವುದಿಲ್ಲ ಎಂದುಕೊಂಡು ಹೋಗಿದ್ದೆ. ನೋಡಿದೆ. ಚಿಕ್ಕದಾಗಿ, ತಡೆದು ತಡೆದು ಏನೋ ಜಿಗಿಯುತ್ತಿತ್ತು. ಏನದು ಎಂದು ಕೇಳಿದ್ದಕ್ಕೆ ಡಾಕ್ಟರ್ "ಬಿಕ್ಕಳಿಕೆ" ಎಂದರು. ಇವರು ಹೊರಗೆ ಕೂತಿದ್ದರು. ಅವರಿಗೆ ಹೇಳಲಿಲ್ಲ.

ಬಿಕ್ಕಳಿಕೆಗೆ ನೀರು ಕುಡಿಸಬೇಕು ಎಂದು ಮನೆಗೆ ಬಂದು ನಾನೇ ಎರಡು ಲೋಟ ಕುಡಿದೆ.

ಮಾರ್ಚ್ 16

ಭಾನುವಾರ. ಅಜ್ಜ ಕೊಕ್ಕರೆಯ ಮಾತುಗಳ ಅಳತೆ ನೋಡಬೇಕಿತ್ತು. ಗಂಡಸಿನ ದನಿ ಬೇಕಿದ್ದರಿಂದ ಇವರನ್ನು ಕೂರಿಸಿದೆ. ಕಿನ್ನಿಯ ಮಾತು ಓದಲು ಇಂಚರ. ಅತ್ತೆ ಸೋಫಾದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಚಿತ್ರ ನೋಡುತ್ತಿದ್ದರು.

ಇವರು ಪಾಠ ಒಪ್ಪಿಸುವವರಂತೆ ಓದಿದರು. "ರೆಕ್ಕೆ ಇರೋರು ಮಾತ್ರ ಲೆಕ್ಕ. ಬರದೇ ಇರೋರನ್ನ ಹೆಂಗೆ ಎಣಿಸ್ಲಿ?"

ಇಂಚರ ಓದಿದಳು: "ಪಾಪ, ಬಿಡಬೇಡಜ್ಜ." ಓದಿ ಮುಖ ಕಿವುಚಿದಳು. "ಅಮ್ಮ, ಇದು ಚೆನ್ನಾಗಿಲ್ಲ. ಅವಳು ಭಿಕ್ಷೆ ಕೇಳೋ ಥರ ಇದೆ. ಚಿತ್ರದಲ್ಲಿ ನೋಡು, ಅವಳು ಅಳ್ತಾ ಇಲ್ಲ, ಅಜ್ಜಂಗೆ ಲೆಕ್ಕ ತಪ್ಪು ಅಂತ ಹೇಳ್ತಿದಾಳೆ."

ಮಗಳು ಹೇಳಿದ್ದು ಸರಿ. ಅಲ್ಲೇ ಹೊಡೆದುಹಾಕಿ ಬೇರೆ ಬರೆದುಕೊಟ್ಟೆ. ಅವಳು ಮತ್ತೆ ಓದಿದಳು: "ಬಂದಾಗಿದೆ, ಕಾಣ್ತಿಲ್ಲ."

ಕೊಕ್ಕಿಗೆ ಸರಿಯಾಗಿ ಕೂತಿತು. ಅದಕ್ಕೇ ಬದಲಿಸಿದ್ದು, ಬೇರೆ ಕಾರಣವಿಲ್ಲ.

ಮುಂದಿನ ಮಾತು ಅಜ್ಜನದು. ಇವರು ಓದಲಿಲ್ಲ. ಕಾಗದ ನೋಡುತ್ತಾ ಕೂತರು. "ಅಪ್ಪ, ನಿಂದೇ" ಎಂದಳು ಇಂಚರ. ಇವರು ಕಾಗದವನ್ನು ಮೇಜಿನ ಮೇಲಿಟ್ಟು, ಒಂದು ಸುತ್ತು ಹೋಗಿಬರ್ತೀನಿ ಎಂದು ಚಪ್ಪಲಿ ಮೆಟ್ಟಿ ಹೊರಟರು.

ಮಾರ್ಚ್ 18

ಇವತ್ತೂ ಊಟವಾದ ಮೇಲೆ ಇವರು ಒಂದು ಸುತ್ತು ಹೋಗಿಬಂದರು. ನಾನು ಸಿನಿಮಾದ ಕೆಲಸಕ್ಕೆ ಕೂತೆ.

ಮಾರ್ಚ್ 21

ಸಿನಿಮಾ ಮುಗಿಸಿ ಕಳಿಸಿದೆ. ಕೊನೆಯ ಭಾಗ ನನಗೆ ಇಷ್ಟವಾಗಲಿಲ್ಲ. ಹಿಂಡು ಹಾರಿಹೋಗುತ್ತದೆ, ಕಿನ್ನಿಯೂ ತಾಯಿಯೂ ಉಳಿಯುತ್ತಾರೆ. ಮರಿ ಹೊರಬರುತ್ತದೆ, ಅಜ್ಜ ಹೇಳಿದಂತೆಯೇ ಒಂದು ರೆಕ್ಕೆ ಮೋಟು. ಅದು ಹಾರಲಾರದು. ಆಗ ಮೂವರೂ ನಡೆದುಕೊಂಡೇ ದಕ್ಷಿಣಕ್ಕೆ ಹೊರಡುತ್ತಾರೆ. ಅರ್ಧ ದಾರಿಯಲ್ಲಿ ನೋಡಿದರೆ ಅಜ್ಜ ವಾಪಸು ನಡೆದುಬರುತ್ತಿದ್ದಾನೆ.

ಇದು ಮೋಸ. ನಿಜದಲ್ಲಿ ಯಾವ ಅಜ್ಜ ಹಾರುವುದು ಬಿಟ್ಟು ನಡೆದುಬರುತ್ತಾನೆ?

ಮಾರ್ಚ್ 26

ಬಂತು. ಇದೆ.

ಮಾರ್ಚ್ 27

ಇಂಚರ ಟ್ಯೂಷನ್‌ಗೆ ಹೋದ ಮೇಲೆ ಇವರು ಅಡುಗೆಮನೆಗೆ ಬಂದು ನಿಂತರು. ಅಪಾಯಿಂಟ್‌ಮೆಂಟ್ ಏಪ್ರಿಲ್ ನಾಲ್ಕಕ್ಕೆ, ಇಪ್ಪತ್ತು ವಾರದೊಳಗೆ ಆದರೆ ಸುಲಭ ಎಂದರು.

"ಗೊತ್ತು ರೀ."

"ಗೊತ್ತು ಅಂದ್ರೆ ಏನು? ಹೂಂನೋ ಊಹೂಂನೋ?"

"ಮಗುಗೆ ಬಿಕ್ಕಳಿಕೆ ಬರ್ತಿತ್ತು. ಅವತ್ತು, ಸ್ಕ್ಯಾನಲ್ಲಿ."

ಇವರ ದನಿ ಒಡೆಯಿತು. ಮದುವೆಯಾಗಿ ಹದಿನೇಳು ವರ್ಷದಲ್ಲಿ ನಾನು ಆ ದನಿ ಕೇಳಿರಲಿಲ್ಲ.

"ನಂಗೀಗ ನಲವತ್ತಾರು. ಅದಕ್ಕೆ ಇಪ್ಪತ್ತೈದು ಆದಾಗ ನಂಗೆ ಎಪ್ಪತ್ತು ದಾಟಿರತ್ತೆ. ನಾವು ಹೋದ್ಮೇಲೆ ಯಾರು ಮೈತ್ರೇಯಿ? ಇಂಚರನ ತಲೆ ಮೇಲೆ ಹೊರಿಸಿಬಿಟ್ಟು ಹೋಗೋದಾ? ಅವಳೇನ್ ಪಾಪ ಮಾಡಿದಾಳೆ? ಇದೊಂದಕ್ಕೆ ಉತ್ತರ ಹೇಳು, ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ."

ಇದಕ್ಕೆ ಉತ್ತರ ಸಿನಿಮಾದಲ್ಲೂ ಇರಲಿಲ್ಲ.

ಅತ್ತೆ ರೂಮಿನಿಂದ ಕೇಳಿಸಿಕೊಂಡಿದ್ದರು. ಸಂಜೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೊಮ್ಮಗ ಬೇಕು ಎನ್ನುತ್ತಾರೇನೋ ಎಂದುಕೊಂಡೆ. ಅವರು ಹೇಳಿದ್ದು ಬೇರೆ: "ನಮ್ ಕಾಲದಲ್ಲಿ ಯಾರೂ ನಮ್ಮನ್ನ ಕೇಳ್ತಿರ್ಲಿಲ್ಲಮ್ಮ. ನಿನ್ನ ಕೇಳ್ತಿದಾರೆ. ನಂಗೋಸ್ಕರ ಇಟ್ಕೋಬೇಡ, ಅವನಿಗೋಸ್ಕರ ತೆಗೆಸ್ಬೇಡ."

ಏಪ್ರಿಲ್ 1

ಉತ್ತರಹಳ್ಳಿ ಬಸ್ ಸ್ಟಾಪಿನ ಹತ್ತಿರ ಅಂಕಮ್ಮ ಎಂಬುವರ ಹೂವಿನ ಅಂಗಡಿ ಇದೆ. ಅವರ ಮಗಳು ಹೇಮಶ್ರೀಯೂ ಅಲ್ಲೇ ಕೂರುತ್ತಾಳೆ. ಇಪ್ಪತ್ತಾರು ವರ್ಷದ ಹುಡುಗಿ, ಡೌನ್ ಸಿಂಡ್ರೋಮ್. ನಾನು ಎಷ್ಟೋ ಸಲ ಅವಳಿಂದ ಹೂ ಕೊಂಡಿದ್ದೇನೆ. ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ ಎಂದು ಇವತ್ತು ಗೊತ್ತಾಯಿತು. ಇಟ್ಟಮಡುವಿನ ನಮ್ಮ ಮನೆಯಿಂದ ಆಟೋ ಮಾಡಿಕೊಂಡು ನೋಡಲೆಂದೇ ಹೋದೆ.

ಏನು ಕೇಳಬೇಕೆಂದು ತಿಳಿಯದೆ ಸೇವಂತಿಗೆ ಮುಟ್ಟುತ್ತಾ ನಿಂತಿದ್ದೆ.

"ಆಂಟಿ, ಹೂ ಮುಟ್ಬೇಡಿ!" ಹೇಮಶ್ರೀ ಗದರಿದಳು. "ಬಾಡೋಗ್ತವೆ. ಎಷ್ಟ್ ಮೊಳ ಹೇಳಿ."

ಎರಡು ಮೊಳ ಮಲ್ಲಿಗೆ ಎಂದೆ. ಅವಳು ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದಳು. ಅನುಮಾನ ಬಂದು ಇನ್ನೊಮ್ಮೆ ಅಳೆದಳು. ಕತ್ತರಿಸಿ, ಬಾಳೆಲೆಯಲ್ಲಿ ಸುತ್ತಿ, ದಾರ ಕಟ್ಟಲು ಬಹಳ ಹೊತ್ತು ತೆಗೆದುಕೊಂಡಳು. ಅವಳಮ್ಮ ಸಹಾಯಕ್ಕೆ ಕೈಹಾಕಿದರೆ ತಳ್ಳಿದಳು.

ಅವಳು ಪಕ್ಕದ ಅಂಗಡಿಗೆ ಟೀ ತರಲು ಹೋದಾಗ ನಾನು ಅಂಕಮ್ಮನವರಿಗೆ ಹೊಟ್ಟೆ ಮುಟ್ಟಿಕೊಂಡು ತೋರಿಸಿ, ರಿಪೋರ್ಟಿನ ವಿಷಯ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಸುಲಭ ಅಂತ ಸುಳ್ಳು ಹೇಳಲ್ಲ ಕಣಮ್ಮ," ಎಂದರು. "ನಾಲ್ಕು ವರ್ಸುಕ್ಕೆ ಎದೆ ಆಪರೇಸನ್ ಆಯ್ತು. ಮಾತು ಬಂದಿದ್ದು ಆರಕ್ಕೆ. ನಮ್ಮತ್ತೆ ಮನೇಲಿ ಇವಳನ್ನ ಮದುವೆಗಿದುವೆಗೆ ಕರ್ಕೊಂಡು ಬರ್ಬೇಡ ಅಂತಿದ್ರು. ನಾನೂ ಹೋಗೋದ್ ಬಿಟ್ಟೆ. ಅಳೋ ದಿನ ಅಳ್ತೀನಿ. ಆದ್ರೆ ಒಂದ್ ದಿನ ಇವಳು ಅಂಗಡಿಗ್ ಬರ್ಲಿಲ್ಲ ಅಂದ್ರೆ ನಂಗೆ ಹೊತ್ತೇ ಹೋಗಕಿಲ್ಲ."

"ನೀವು ಹೋದ್ಮೇಲೆ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಅಂಕಮ್ಮ ನಕ್ಕರು. "ನಿಮ್ ಯಜಮಾನ್ರೂ ಇದನ್ನೇ ಕೇಳಿದ್ರು."

"ಯಾರು?"

"ಕನ್ನಡಕ ಹಾಕ್ಕೊಂಡು, ಉದ್ದಕ್ಕೆ ತೆಳ್ಳಗಿದಾರಲ್ಲ, ಮೇಷ್ಟ್ರು? ಇಟ್ಟಮಡು ಅಂದ್ರು. ಹೆಂಡ್ತಿಗೂ ಇದೇ ರಿಪೋರ್ಟು ಬಂದೈತೆ ಅಂದ್ರು. ನಿನ್ನೆ ಬಂದಿದ್ರು, ಮೊನ್ನೆನೂ ಬಂದಿದ್ರು. ಹೂ ತಗಳಲ್ಲ, ಏನಿಲ್ಲ, ಒಂದ್ ಗಂಟೆ ನಿಂತ್ಕೊಂಡು ಇವಳನ್ನ ನೋಡ್ತಿದ್ರು. ಇವಳು ಕೊನೆಗೆ ಬಯ್ದು ನಾಕು ಗುಲಾಬಿ ಮಾರಿದ್ಲು. ಅವರಿಗೆ ಹೇಳಿದ್ದೇ ನಿಮ್ಗೂ ಹೇಳ್ತೀನಿ. ನಂಗೆ ಗೊತ್ತಿಲ್ಲ. ಇವಳ ತಮ್ಮ ನೋಡ್ಕತೀನಿ ಅಂತಾನೆ. ನಾಳೆ ಹೆಂಡ್ತಿ ಬಂದ್ಮೇಲೆ ಏನಂತಾನೋ. ಅವಳಿಗೊಂದು ಕೆಲ್ಸ ಕಲ್ಸಿದೀನಿ. ನಾಕ್ ಜನ ಪರಿಚಯ ಮಾಡ್ಸಿದೀನಿ. ನನ್ ಕೈಲಿ ಆಗಿದ್ದು ಅಷ್ಟು."

ಮನೆಗೆ ಬಂದಾಗ ಇವರು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದರು. ದೇವರ ಮುಂದೆ ನಾಲ್ಕು ಗುಲಾಬಿ ಇದ್ದವು. ನಿನ್ನೆಯಿಂದ ಅಲ್ಲೇ ಇದ್ದವು, ನಾನು ಗಮನಿಸಿರಲಿಲ್ಲ. ಮಲ್ಲಿಗೆಯನ್ನು ಪಕ್ಕದಲ್ಲಿಟ್ಟೆ. ಇವರು ತಲೆಯೆತ್ತಿ ಬಾಳೆಲೆಯನ್ನೂ ದಾರದ ಗಂಟನ್ನೂ ನೋಡಿದರು, ಮತ್ತೆ ಪೇಪರ್ ತಿದ್ದಿದರು.

ಏಪ್ರಿಲ್ 4

ಡಾಕ್ಟರ್ ಸಮಾಧಾನದವರು. ರಿಪೋರ್ಟು ಇನ್ನೊಮ್ಮೆ ವಿವರಿಸಿದರು. ಯಾವ ನಿರ್ಧಾರವಾದರೂ ನಿಮ್ಮದು, ಅದರಲ್ಲಿ ಸರಿತಪ್ಪು ಹೇಳುವವಳು ನಾನಲ್ಲ ಎಂದರು. "ಏನ್ ಅಂದ್ಕೊಂಡಿದೀರ ಮೇಡಂ?"

ನಾನು ಏನೂ ತಯಾರಿ ಮಾಡಿಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದದ್ದು ಇದು: "ಎದೆ ಸ್ಕ್ಯಾನ್ ಅಂತ ಒಂದು ಮಾಡ್ತಾರಂತಲ್ಲ ಡಾಕ್ಟ್ರೆ, ಮಗೂದು. ಅದು ಯಾವಾಗ ಮಾಡಿಸ್ಬೇಕು?"

ಡಾಕ್ಟರ್ ಇವರ ಕಡೆ ತಿರುಗಿದರು. ನನಗೆ ತಿರುಗಲು ಧೈರ್ಯವಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದ ಸದ್ದು ಕೇಳಿಸಿತು.

"ತಾರೀಕು ಹೇಳಿ ಮೇಡಂ," ಎಂದರು ಇವರು. "ಬರ್ಕೋತೀನಿ. ಕಾಲೇಜಿಗೆ ರಜ ಹಾಕ್ಬೇಕು."

ಹೊರಗೆ ಬಂದು ಮೆಟ್ಟಿಲ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಕೂತೆವು. "ನನ್ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ," ಎಂದರು. "ಗೊತ್ತು," ಎಂದೆ. "ಹೆದ್ರಿಕೆ ಹೋಗಿಲ್ಲ." "ನಂಗೂ ಹೋಗಿಲ್ಲ ರೀ." ಆಮೇಲೆ ಜಯನಗರ ನಾಲ್ಕನೇ ಬ್ಲಾಕಿನವರೆಗೆ ನಡೆದು ಹೋಗಿ ದೋಸೆ ತಿಂದೆವು. ನಾನು ಎರಡು ತಿಂದೆ.

ಏಪ್ರಿಲ್ 5

ಇಂಚರಳಿಗೆ ಹೇಳಿದೆವು. ಎಲ್ಲವನ್ನೂ.

ಮೊದಲು "ಅಯ್ಯೋ ಅಮ್ಮ, ಕ್ಲಾಸಲ್ಲಿ ಏನಂತಾರೆ!" ಎಂದು ಕಿರುಚಿ ರೂಮಿನ ಬಾಗಿಲು ಹಾಕಿಕೊಂಡಳು. ಎರಡು ಗಂಟೆ ತೆಗೆಯಲಿಲ್ಲ. ಆಮೇಲೆ ಬಂದಳು, ಕಣ್ಣು ಕೆಂಪಗಿತ್ತು.

"ನಾನು ದೊಡ್ಡೋಳಾದ್ಮೇಲೆ ನಾನೇ ನೋಡ್ಕೋಬೇಕಾ?"

ಇವರು ಅವಳನ್ನು ಹತ್ತಿರ ಕೂರಿಸಿಕೊಂಡರು. "ಇಲ್ಲ ಪುಟ್ಟ. ಅದು ನಮ್ಮ ಕೆಲಸ. ಏನೇನು ವ್ಯವಸ್ಥೆ ಮಾಡ್ಬೇಕೋ ನಾವು ಇವತ್ತಿಂದಾನೇ ಮಾಡ್ತೀವಿ. ನೀನು ಅಕ್ಕ ಆಗಿದ್ರೆ ಸಾಕು."

"ಅಕ್ಕ ಆಗ್ಬೇಕು ಅಂತ ಚಿಕ್ಕೋಳಿದ್ದಾಗ ಎಷ್ಟ್ ಕೇಳಿದ್ದೆ. ಈಗ ಕೊಡ್ತಿದೀರ," ಎಂದು ಅಳುತ್ತಲೇ ಸಿಡುಕಿದಳು.

ಮೇ 9

ಸಿನಿಮಾ ಬಿಡುಗಡೆ. ಜೆ.ಪಿ. ನಗರದ ಮಾಲ್‌ನಲ್ಲಿ ನಾವು ನಾಲ್ವರೂ ಹೋಗಿದ್ದೆವು. ಅತ್ತೆಗೆ ಎಸ್ಕಲೇಟರ್ ಭಯ, ಲಿಫ್ಟಿಗೆ ಕಾದೆವು. ಕುರ್ಚಿಯಲ್ಲಿ ಕೂತ ಕೂಡಲೇ ಮಗು ಒದೆಯಲು ಶುರುಮಾಡಿತು, ಮುಗಿಯುವವರೆಗೂ ಬಿಡಲಿಲ್ಲ.

"ಬಂದಾಗಿದೆ, ಕಾಣ್ತಿಲ್ಲ" ಎಂದು ಕಿನ್ನಿ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಇನ್ನೊಬ್ಬರಿಗೆ ಹೇಳುತ್ತಿದ್ದುದು ಕೇಳಿಸಿತು: "ಫ್ರೆಂಡ್ಸನ್ನ ಯಾವತ್ತೂ ಬಿಟ್ಟೋಗ್ಬಾರ್ದು ಅಂತ, ಒಳ್ಳೆ ಮೆಸೇಜು." ನಾನು ಇಂಚರಳನ್ನು ಕೇಳಿದೆ, ನಿನಗೇನು ಕಂಡಿತು ಎಂದು.

"ಹುಟ್ಟೋಕ್ ಮುಂಚೆನೇ ಒಬ್ರು ಮನೆಯೋರಾಗಿರ್ತಾರೆ ಅಂತ," ಎಂದಳು, ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಳ್ಳುತ್ತಾ. "ಅಷ್ಟೂ ಗೊತ್ತಾಗಲ್ವಾ?"

ಅಜ್ಜ ಕೊಕ್ಕರೆ ವಾಪಸು ನಡೆದುಬರುವ ಕಡೆ ನನಗೆ ಅಳು ಬಂದುಬಿಟ್ಟಿತು. ಮೋಸ ಎಂದೇನೂ ಅನ್ನಿಸಲಿಲ್ಲ. ಚೆನ್ನಾಗಿ ಬರೆದಿದ್ದೇನೆ ಎನ್ನಿಸಿತು.

ಆಗಸ್ಟ್ 12

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ಹೆಣ್ಣು. ಎರಡು ಕಿಲೋ ನಾನೂರು. ಎದೆಯಲ್ಲಿ ಸಣ್ಣ ತೂತಿದೆ, ಕಾದು ನೋಡೋಣ ಎಂದಿದ್ದಾರೆ. ಕಣ್ಣು ಬಿಟ್ಟು ನನ್ನನ್ನು ಬಹಳ ಗಂಭೀರವಾಗಿ ನೋಡಿದಳು.

ಆಗಸ್ಟ್ 27

ಹಾಲು ಚೀಪಲು ಅವಳಿಗೆ ಶಕ್ತಿ ಸಾಲದು. ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸುತ್ತೇವೆ. ಅತ್ತೆ ಕಪಾಟಿನ ಒಳಗಿನಿಂದ ಹುಡುಕಿ ತೆಗೆದ ಬೆಳ್ಳಿಯದು. ಒಂದು ಒಳಲೆ ಮುಗಿಯಲು ಮುಕ್ಕಾಲು ಗಂಟೆ. ಸರದಿ ಹಾಕಿಕೊಂಡಿದ್ದೇವೆ: ನಾನು, ಅತ್ತೆ, ಇವರು, ಶಾಲೆಯಿಂದ ಬಂದ ಮೇಲೆ ಇಂಚರ. ಇವರು ಕುಡಿಸುವಾಗ ಅವಳ ಬಾಯಿ ಜೊತೆ ಇವರ ಬಾಯೂ ತೆರೆದುಕೊಳ್ಳುತ್ತದೆ.

ಬರೆಯಲು ಸಮಯವೇ ಇಲ್ಲ.

ಸೆಪ್ಟೆಂಬರ್ 14

ನಾಮಕರಣ. ಮನೆಯಲ್ಲೇ, ಇಪ್ಪತ್ತು ಜನ. ಬರುವುದಿಲ್ಲ ಎಂದು ನೆಪ ಹೇಳಿದವರೂ ಇದ್ದಾರೆ, ಇರಲಿ. ಅಂಜನಕ್ಕ ಬೆಳಿಗ್ಗೆ ಏಳಕ್ಕೇ ಬಂದು ಹೋಳಿಗೆಗೆ ನಿಂತಳು. ತೊಟ್ಟಿಲಿಗೆ ಮಗುವನ್ನು ಮಲಗಿಸಿದವಳೂ ಅವಳೇ. ನಾನು ಅವಳ ಕೈ ಹಿಡಿದುಕೊಂಡೆ.

ಹೆಸರನ್ನು ಇವರೇ ಆರಿಸಿದ್ದರು. ಕೊನೆಯವರೆಗೂ ಯಾರಿಗೂ ಹೇಳಿರಲಿಲ್ಲ. ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಬರೆದಾಗ ಎಲ್ಲರೂ ಬಗ್ಗಿ ನೋಡಿದರು.

ಸುಮೇಧಾ.

ಸಂಸ್ಕೃತ ಬಲ್ಲ ಇವರ ದೊಡ್ಡಪ್ಪ ಮುಜುಗರದಿಂದ ಕೆಮ್ಮಿದರು. "ಜಯಸಿಂಹ, ಸುಮೇಧಾ ಅಂದ್ರೆ ಒಳ್ಳೆ ಬುದ್ಧಿ ಇರೋಳು ಅಂತ ಅರ್ಥ ಕಣಪ್ಪ. ಈ ಮಗುಗೆ… ಯೋಚನೆ ಮಾಡಿದೀಯ ತಾನೆ? ನಾಳೆ ಜನ ಆಡ್ಕೋತಾರೆ."

ಇವರು ಮಗುವಿನ ಕಿವಿಗೆ ಬಗ್ಗಿದ್ದವರು ಹಾಗೇ ತಲೆಯೆತ್ತಿದರು. ತರಗತಿಯಲ್ಲಿ ಉತ್ತರ ಕೊಡುವ ಅದೇ ದನಿ.

"ಇವಳಿಗೆ ಇವತ್ತಿಗೆ ಮೂವತ್ನಾಲ್ಕು ದಿನ ದೊಡ್ಡಪ್ಪ. ಇವಳ ಬುದ್ಧಿ ಎಂಥದು ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅವಳೇ ತೋರಿಸ್ಲಿ."

ಮತ್ತೆ ಬಗ್ಗಿ, ಮೂರು ಸಲ ಕಿವಿಯಲ್ಲಿ ಹೆಸರು ಹೇಳಿದರು.